ಜಾಲದ ಕಾವಲುಗಾರರು

ಎರಡು ವರ್ಷಗಳ ಹಿಂದಿನ ಮಾತು. ಒಂದು ಭಾನುವಾರ ಬೆಳಿಗ್ಗೆ ನಮ್ಮ ಭಾವನವರು ಕೈಯಲ್ಲೊಂದು ಬಣ್ಣದ ಕರಪತ್ರವನ್ನು ಹಿಡಿದುಕೊಂಡು ಮನೆಗೆ ಬಂದರು. ಕಂಪ್ಯೂಟರುಗಳ ಜಾಲವನ್ನು ಕಟ್ಟುವ ಮತ್ತು ಕಾಯುವ ವಿದ್ಯೆಯನ್ನು ಆರು ತಿಂಗಳಲ್ಲಿ ಕಲಿಸಿಕೊಟ್ಟು, ಸರ್ಟಿಫಿಕೇಟಿನ ಪರೀಕ್ಷೆಗೆ ಕೂರಿಸಿ, ನೌಕರಿಗೂ ದಾರಿ ತೋರಿಸುವುದಾಗಿ ಅದರಲ್ಲಿ ಅಚ್ಚಾಗಿತ್ತು. ಶುಲ್ಕದ ಅಂಕಿಯೊಂದನ್ನು ಮಾತ್ರ ಭೂತಗನ್ನಡಿ ಹಿಡಿದು ಓದಬೇಕಾಗಿತ್ತು. ಭಾವನವರ ಕೊನೆಯ ಮಗ ಆ ತರಗತಿಗೆ ಸೇರಲೇಬೇಕೆಂದು ಹಟ ಹಿಡಿದಿದ್ದ.

"ವೈದ್ಯನಾಗುವವನಿಗೆ ಮೆಡಿಕಲ್ ಕಾಲೇಜಿದೆ, ವಕೀಲನಾಗುವವನಿಗೆ ಲಾ ಕಾಲೇಜಿದೆ. ಬೀಗ ರಿಪೇರಿ ಮಾಡುವವನು ಕೂಡ ಅಪ್ಪನ ಹತ್ತಿರವೋ ಮೇಸ್ತ್ರಿಯ ಹತ್ತಿರವೋ ಕೂತು ಕಲಿತಿರುತ್ತಾನೆ. ಇದನ್ನು ಕಲಿಸುವವನಿಗೆ ಕಲಿಸಿದವರು ಯಾರಯ್ಯಾ?" ಎಂದು ಅವರು ನನ್ನನ್ನು ಕೇಳಿದರು. ಭಾವನವರು ಬ್ಯಾಂಕಿನಲ್ಲಿ ಲೆಕ್ಕ ತನಿಖೆ ಮಾಡಿ ನಿವೃತ್ತರಾದವರು. ಯಾವ ರಸೀತಿಯನ್ನು ಕಂಡರೂ ಅದರ ಹಿಂದಿನ ರಸೀತಿಯನ್ನು ಕೇಳುವುದು ಅವರ ಅಭ್ಯಾಸ.

ಆಗ ನನಗೆ ಉತ್ತರ ಹೊಳೆಯಲಿಲ್ಲ. ಅನಂತರ ಕೆಲವು ತಿಂಗಳು ಆ ಪ್ರಶ್ನೆಯ ಬೆನ್ನು ಹತ್ತಿ ಓದಿದೆ. ಓದಿದಂತೆಲ್ಲ ತಿಳಿದುಬಂದುದೇನೆಂದರೆ, ಈ ವಿದ್ಯೆಗೆ ಮೊದಲ ಗುರುಗಳೆಂಬುವರು ಯಾರೂ ಇರಲಿಲ್ಲ; ಇದ್ದವರು ಕಳ್ಳರು, ಮತ್ತು ಅವರ ಜಾಡು ಹಿಡಿಯಲು ನಿದ್ದೆಗೆಟ್ಟ ಕೆಲವರು. ಆ ಕೆಲವರ ಕಥೆ ನಮ್ಮ ಓದುಗರಿಗೂ ರುಚಿಸೀತೆಂದು ಇಲ್ಲಿ ಹೇಳುತ್ತಿದ್ದೇನೆ.

೧೯೬೯ರ ಅಕ್ಟೋಬರ್ ೨೯ರ ರಾತ್ರಿ, ಅಮೆರಿಕದ ಲಾಸ್ ಏಂಜಲೀಸ್ ನಗರದ ವಿಶ್ವವಿದ್ಯಾನಿಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ನೂರಾರು ಮೈಲಿ ದೂರದ ಸ್ಟಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಯಂತ್ರಕ್ಕೆ 'ಲಾಗಿನ್' ಎಂಬ ಪದವನ್ನು ಕಳುಹಿಸಲು ಕುಳಿತ. ಆ ಪದದ ಮೊದಲೆರಡು ಅಕ್ಷರ ಹೋಗುವಷ್ಟರಲ್ಲಿ ಆಚೆಯ ಯಂತ್ರ ಕುಸಿದು ಬಿತ್ತು. ಸುಮಾರು ಒಂದು ಗಂಟೆಯ ಅನಂತರ ಕೆಲಸ ಕೈಗೂಡಿತು. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆದ ಈ 'ಆರ್ಪಾನೆಟ್' ಜಾಲಕ್ಕೆ ಆ ವರ್ಷ ಮುಗಿಯುವ ಹೊತ್ತಿಗೆ ಸೇರಿದ್ದುವು ನಾಲ್ಕೇ ಯಂತ್ರಗಳು. ಅವುಗಳನ್ನು ಬಳಸುವವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಬಲ್ಲವರು. ಹಳೆಯ ಅಗ್ರಹಾರದಲ್ಲಿ ಹಗಲು ಹೊತ್ತು ಬಾಗಿಲು ಹಾಕಿದರೆ 'ಮನೆಯಲ್ಲಿ ಯಾರಿಗೆ ಜ್ವರ?' ಎಂದು ಕೇಳುತ್ತಿದ್ದರಂತೆ. ಆ ಜಾಲದಲ್ಲಿಯೂ ಅದೇ ಬಗೆಯ ನಂಬಿಕೆ ಇತ್ತು. ಬೀಗದ ಯೋಚನೆ ಯಾರಿಗೂ ಬರಲಿಲ್ಲವೆಂದಲ್ಲ. ಬೀಗ ಹಾಕುವುದು ಮರ್ಯಾದೆಯಲ್ಲವೆಂದು ಹಲವರಿಗೆ ತೋರುತ್ತಿತ್ತು.

ನಾಲ್ಕು ವರ್ಷ ಕಳೆಯುವುದರೊಳಗಾಗಿ ಒಬ್ಬಾತನಿಗೆ ಅನುಮಾನ ಹುಟ್ಟಿತು. ಮುಂದೆ 'ಈಥರ್‌ನೆಟ್' ಎಂಬ ಜಾಲವಿಧಾನಕ್ಕಾಗಿ ಹೆಸರಾದ ಬಾಬ್ ಮೆಟ್‌ಕಾಫ್ ೧೯೭೩ರ ಡಿಸೆಂಬರಿನಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದು ಎಲ್ಲರಿಗೂ ಹಂಚಿದ. ಜನರು ತಮ್ಮ ಹೆಸರನ್ನೇ, ಇಲ್ಲವೆ ತಮ್ಮ ಯಂತ್ರದ ಹೆಸರನ್ನು ಹಿಂದುಮುಂದಾಗಿ ಬರೆದು ಅದನ್ನೇ ಪಾಸ್‌ವರ್ಡು ಮಾಡಿಕೊಂಡಿದ್ದಾರೆ. ಜಾಲದೊಳಕ್ಕೆ ಹೋಗುವ ಟೆಲಿಫೋನು ನಂಬರುಗಳು ಬೀದಿಯ ಗೋಡೆಯ ಬರಹದಂತೆ ಎಲ್ಲರ ಕಣ್ಣಿಗೂ ಬೀಳುತ್ತಿವೆ. ಒಂದು ಯಂತ್ರದ ಒಡೆತನದ ಪಾಸ್‌ವರ್ಡನ್ನು ಹೈಸ್ಕೂಲಿನ ಇಬ್ಬರು ಹುಡುಗರು ಕಂಡುಹಿಡಿದುಬಿಟ್ಟಿದ್ದಾರೆ, ಎಂಬುದು ಅದರ ಸಾರ. ಓದಿದವರು ನಕ್ಕಿರಬೇಕು. ಆ ಟಿಪ್ಪಣಿಯನ್ನು ಇಂದಿನ ಯಾವುದಾದರೂ ಕಚೇರಿಯ ಸುತ್ತೋಲೆಯೆಂದು ಹಂಚಿದರೆ, ತಾರೀಖನ್ನು ತಿದ್ದುವುದು ಬಿಟ್ಟು ಬೇರೇನನ್ನೂ ಬದಲಿಸಬೇಕಾಗಿಲ್ಲ.

ಅನುಮಾನವನ್ನು ಅಂಕಿಗಳಲ್ಲಿ ತೋರಿಸಿಕೊಟ್ಟವರು ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್. ೧೯೭೯ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಜನರು ನಿಜವಾಗಿ ಬಳಸುತ್ತಿದ್ದ ೩,೨೮೯ ಪಾಸ್‌ವರ್ಡುಗಳ ಲೆಕ್ಕವಿದೆ. ಹದಿನೈದು ಮಂದಿ ಒಂದೇ ಒಂದು ಅಕ್ಷರವನ್ನು ಪಾಸ್‌ವರ್ಡೆಂದು ಇಟ್ಟುಕೊಂಡಿದ್ದರು. ಎಪ್ಪತ್ತೆರಡು ಮಂದಿ ಎರಡಕ್ಷರ. ನೂರಕ್ಕೆ ಎಂಬತ್ತಾರು ಪಾಲು ಸುಲಭವಾಗಿ ಊಹಿಸಿಬಿಡುವಂಥವು. ಈ ರಾಬರ್ಟ್ ಮಾರಿಸರ ಹೆಸರನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅವರ ಮನೆಯ ವಿಷಯವೇ ಬರುತ್ತದೆ.

ಈಗ ನಮ್ಮ ಭಾವನವರಿಗೆ ಅತ್ಯಂತ ಪ್ರಿಯವಾದ ಭಾಗ.

ಕ್ಯಾಲಿಫೋರ್ನಿಯದ ಬರ್ಕಲಿಯ ಗುಡ್ಡದ ಮೇಲೆ ಲಾರೆನ್ಸ್ ಪ್ರಯೋಗಾಲಯವಿದೆ. ಅಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ದೂರದರ್ಶಕಗಳ ಕೆಲಸದಲ್ಲಿದ್ದ. ಅವನ ಸಂಬಳಕ್ಕೆ ಆಧಾರವಾಗಿದ್ದ ಅನುದಾನ ೧೯೮೬ರಲ್ಲಿ ಮುಗಿದುಹೋಯಿತು. ಮನೆಗೆ ಕಳುಹಿಸುವ ಬದಲು ಅವನನ್ನು ಕೆಳಗಿನ ಅಂತಸ್ತಿನ ಕಂಪ್ಯೂಟರು ಕೇಂದ್ರಕ್ಕೆ ಹಾಕಿದರು. ಹೊಸಬನಿಗೆ ಏನು ಕೆಲಸ ಕೊಡುವುದು? ಆಗ ಯಂತ್ರವನ್ನು ಬಳಸಿದವರಿಂದ ನಿಮಿಷಗಳ ಲೆಕ್ಕದಲ್ಲಿ ಹಣ ವಸೂಲು ಮಾಡುತ್ತಿದ್ದರು. ಎರಡು ಬಗೆಯ ಲೆಕ್ಕಗಳಲ್ಲಿ ಎಪ್ಪತ್ತೈದು ಸೆಂಟಿನ ವ್ಯತ್ಯಾಸ ಬಂದಿತ್ತು. ಅದೇಕೆಂದು ನೋಡು ಎಂದು ಹೇಳಿದರು.

ಎಪ್ಪತ್ತೈದು ಸೆಂಟು ಎಂದರೆ ಮುಕ್ಕಾಲು ಡಾಲರು. ಬೇರೆ ಯಾರಾದರೂ ಆಗಿದ್ದರೆ ಜೇಬಿನಿಂದ ಹಾಕಿ ಲೆಕ್ಕ ಸರಿಮಾಡಿಬಿಡುತ್ತಿದ್ದರು. ಸ್ಟೋಲ್ ಹಾಗೆ ಮಾಡಲಿಲ್ಲ. ನಕ್ಷತ್ರದ ಸ್ಥಾನದಲ್ಲಿ ಕೂದಲೆಳೆಯ ವ್ಯತ್ಯಾಸ ಕಂಡರೂ ಬಿಡಬಾರದೆಂಬುದು ಅವನು ಕಲಿತ ವಿದ್ಯೆ. ಹುಡುಕುತ್ತ ಹೋದಾಗ ವಿಳಾಸವಿಲ್ಲದ, ಯಾರೂ ಹಣ ಕೊಡದ ಒಂದು ಖಾತೆ ಸಿಕ್ಕಿತು. ಅದನ್ನು ತೆಗೆದುಹಾಕಿದ. ಕೆಲವು ದಿನಗಳಲ್ಲಿ ಬೇರೊಂದು ಊರಿನ ಕೇಂದ್ರದಿಂದ ದೂರು ಬಂತು: 'ನಿಮ್ಮ ಯಂತ್ರದ ಕಡೆಯಿಂದ ಯಾರೋ ನಮ್ಮ ಬಾಗಿಲನ್ನು ತಳ್ಳಿ ನೋಡುತ್ತಿದ್ದಾರೆ.' ನೋಡಿದರೆ ಪ್ರಯೋಗಾಲಯವನ್ನು ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದ ಒಬ್ಬನ ಖಾತೆ ಬರ್ಕಲಿಯಲ್ಲಿ ಚಟುವಟಿಕೆಯಿಂದ ಓಡಾಡುತ್ತಿತ್ತು!

ಮುಂದೆ ಅವನು ಮಾಡಿದುದನ್ನು ಕಲಿಸುವ ಪಠ್ಯಪುಸ್ತಕ ಆಗ ಇರಲಿಲ್ಲ. ಒಂದು ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ, ಸಹೋದ್ಯೋಗಿಗಳ ಮೇಜುಗಳಿಂದ ಮುದ್ರಣಯಂತ್ರಗಳನ್ನೂ ಟರ್ಮಿನಲ್ಲುಗಳನ್ನೂ ಕೇಳದೆ ಎತ್ತಿಕೊಂಡು ಬಂದು, ಹೊರಗಿನಿಂದ ಬರುವ ಒಂದೊಂದು ಟೆಲಿಫೋನು ತಂತಿಗೂ ಒಂದೊಂದನ್ನು ಜೋಡಿಸಿ, ಅವುಗಳ ನಡುವೆ ನೆಲದ ಮೇಲೆ ಮಲಗಿದ. ಕಳ್ಳ ಬಂದ. ಅವನು ಒತ್ತಿದ ಒಂದೊಂದು ಕೀಲಿಯೂ ಕಾಗದದ ಮೇಲೆ ಮೂಡಿತು. ಅವನಿಗೆ ಗೊತ್ತಾಗದ ಹಾಗೆ ನೋಡುತ್ತ ಕೂರುವುದೆಂದು ಸ್ಟೋಲ್ ನಿಶ್ಚಯಿಸಿದ. ನಡೆದುದನ್ನೆಲ್ಲ ಗಂಟೆ ನಿಮಿಷದ ಸಮೇತ ಒಂದು ನೋಟುಪುಸ್ತಕದಲ್ಲಿ ಬರೆಯುತ್ತ ಹೋದ. ನಿಜವಾಗಿ ಕೆಡುಕಾಗಬಹುದಾದ ಕಡತಕ್ಕೆ ಕಳ್ಳ ಕೈ ಹಾಕಿದಾಗ, ತನ್ನ ಬೀಗದ ಕೈಗೊಂಚಲನ್ನು ತಂತಿಯ ತುದಿಗೆ ತಾಗಿಸಿ ಅಲುಗಾಡಿಸುತ್ತಿದ್ದನಂತೆ. ಆಚೆಯವನಿಗೆ ಅದು ಹಾಳು ಟೆಲಿಫೋನು ಲೈನಿನ ಗೊಣಗಾಟದಂತೆ ತೋರಿ, ಅವನು ಬೇಸತ್ತು ಬಿಟ್ಟುಬಿಡುತ್ತಿದ್ದ. ಲಕ್ಷಾಂತರ ಡಾಲರು ಬೆಲೆಯ ಯಂತ್ರಗಳನ್ನು ಆ ಸಂದರ್ಭದಲ್ಲಿ ಕಾಪಾಡಿದುದು ಒಂದು ಕೈಗೊಂಚಲು.

ಪೊಲೀಸರಿಗೆ ತಿಳಿಸಲಿಲ್ಲವೆ ಎಂದು ಕೇಳಬಹುದು. ತಿಳಿಸಿದ. ಎಷ್ಟು ನಷ್ಟವಾಯಿತೆಂದು ಅವರು ಕೇಳಿದರು. ಎಪ್ಪತ್ತೈದು ಸೆಂಟು ಎಂದ. ಅಲ್ಲಿಗೆ ಸಂಭಾಷಣೆ ಮುಗಿಯಿತು. ಒಂದು ಇಲಾಖೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅವನು ಅಲೆದುದನ್ನು ಓದಿದಾಗ, ಖಾತೆ ಬದಲಾವಣೆಗೆಂದು ನಮ್ಮ ತಾಲ್ಲೂಕು ಕಚೇರಿಗಳಿಗೆ ಅಲೆದವರಿಗೆ ಮೈಯೆಲ್ಲ ಪರಿಚಿತವಾಗಿ ತೋರೀತು. ಕಿವಿಗೊಟ್ಟು ಕೇಳಿದ ಕೆಲವರಲ್ಲಿ ಹಿಂದೆ ಹೇಳಿದ ರಾಬರ್ಟ್ ಮಾರಿಸ್ ಒಬ್ಬರು. ಅಷ್ಟರಲ್ಲಿ ಅವರು ಬೆಲ್ ಪ್ರಯೋಗಾಲಯವನ್ನು ಬಿಟ್ಟು ಸರ್ಕಾರದ ರಾಷ್ಟ್ರೀಯ ಭದ್ರತಾ ಸಂಸ್ಥೆಯನ್ನು ಸೇರಿದ್ದರು.

ಜಾಡು ಕೊನೆಗೆ ಸಮುದ್ರ ದಾಟಿ ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಯಿತು. ಅಲ್ಲಿನ ಟೆಲಿಫೋನು ಇಲಾಖೆಗೆ ಕರೆಯ ಮೂಲವನ್ನು ಹಿಡಿಯಲು ಬಹಳ ಹೊತ್ತು ಬೇಕು. ಕಳ್ಳನೋ ಬಂದ ಕೆಲವೇ ನಿಮಿಷಗಳಲ್ಲಿ ಹೊರಟುಬಿಡುತ್ತಿದ್ದ. ಅವನನ್ನು ಕೂರಿಸಿಕೊಳ್ಳಬೇಕಲ್ಲ? ಸ್ಟೋಲ್‌ನ ಗೆಳತಿ ಒಂದು ಉಪಾಯ ಹೇಳಿಕೊಟ್ಟಳು. ಅಮೆರಿಕದ ಕ್ಷಿಪಣಿ ರಕ್ಷಣೆಯ ಯೋಜನೆಗೆ ಸಂಬಂಧಪಟ್ಟುವೆಂದು ತೋರುವ ಸುಳ್ಳು ಕಡತಗಳನ್ನು ರಾಶಿರಾಶಿಯಾಗಿ ಬರೆದು ಯಂತ್ರದಲ್ಲಿಟ್ಟರು. ಇಲಿ ಹಿಡಿಯಲು ಕೊಬ್ಬರಿ ಸುಟ್ಟು ಇಟ್ಟ ಹಾಗೆ. ಕಳ್ಳ ಓದುತ್ತ ಕುಳಿತ, ಜರ್ಮನರು ತಂತಿಯನ್ನು ಹಿಡಿದರು. ಸಿಕ್ಕಿದವನು ಮಾರ್ಕುಸ್ ಹೆಸ್. ಅವನೂ ಅವನ ಸಂಗಡಿಗರೂ ಕದ್ದುದನ್ನು ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದರು. ಸುಮಾರು ೪೫೦ ಯಂತ್ರಗಳ ಬಾಗಿಲನ್ನು ತಟ್ಟಿ, ಮೂವತ್ತಕ್ಕೂ ಹೆಚ್ಚಿನವುಗಳ ಒಳಕ್ಕೆ ಅವನು ಹೋಗಿಬಂದಿದ್ದನೆಂದು ಸ್ಟೋಲ್ ೧೯೮೮ರಲ್ಲಿ ಬರೆದ. ೧೯೯೦ರಲ್ಲಿ ವಿಚಾರಣೆ ಮುಗಿದು ಶಿಕ್ಷೆಯಾಯಿತು, ಆದರೆ ಜೈಲಿಗೆ ಹೋಗಬೇಕಾಗಿ ಬರಲಿಲ್ಲ.

ಭಾವನವರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೋಡಿದೆಯಾ, ದೊಡ್ಡ ಮೊತ್ತ ತಪ್ಪಿದರೆ ಎಲ್ಲರೂ ಹುಡುಕುತ್ತಾರೆ. ನಾಲ್ಕಾಣೆ ತಪ್ಪಿದರೆ ಹುಡುಕುವವನೇ ಆಡಿಟರು" ಎಂದರು. ನಲವತ್ತು ವರ್ಷದ ನೌಕರಿಯಲ್ಲಿ ಅವರಿಗೆ ಬೇರೆ ಯಾವ ಕಥೆಯೂ ಇಷ್ಟು ಸಮಾಧಾನ ಕೊಟ್ಟಿರಲಾರದು.

ಆದರೆ ಒಬ್ಬ ಖಗೋಳಜ್ಞನ ಹಟದಿಂದ ಒಂದು ಉದ್ಯೋಗ ಹುಟ್ಟಲಾರದು. ಅದು ಹುಟ್ಟಿದುದು ೧೯೮೮ರ ನವೆಂಬರ್ ೨, ಬುಧವಾರ ರಾತ್ರಿ.

ಅಂದು ಸಂಜೆ ಕಾರ್ನೆಲ್ ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿ, ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಒಂದು ಯಂತ್ರದ ಮೂಲಕ ಒಂದು ಚಿಕ್ಕ ಪ್ರೋಗ್ರಾಮನ್ನು ಜಾಲಕ್ಕೆ ಬಿಟ್ಟ. ಅದು ತನ್ನಷ್ಟಕ್ಕೆ ತಾನೇ ಯಂತ್ರದಿಂದ ಯಂತ್ರಕ್ಕೆ ಹರಿದುಹೋಗಿ ತನ್ನ ಪ್ರತಿಯನ್ನು ಮಾಡಿಕೊಳ್ಳುವ 'ಹುಳು'. ಹಾಳು ಮಾಡುವ ಉದ್ದೇಶ ಅದಕ್ಕೆ ಇರಲಿಲ್ಲ. ಒಂದು ಕಡತವನ್ನೂ ಅದು ಅಳಿಸಲಿಲ್ಲ. ಒಂದು ಯಂತ್ರದಲ್ಲಿ ತನ್ನ ಪ್ರತಿ ಆಗಲೇ ಇದ್ದರೆ ಹೊಸದು ಸುಮ್ಮನಾಗಬೇಕೆಂಬ ಏರ್ಪಾಡೂ ಇತ್ತು. ಆದರೆ ಯಾರಾದರೂ ಸುಳ್ಳು ಪ್ರತಿಯನ್ನಿಟ್ಟು ಹುಳುವನ್ನು ತಡೆದಾರೆಂದು ಹೆದರಿ, ಏಳಕ್ಕೊಂದು ಸಲ ಏನೇ ಇದ್ದರೂ ಬದುಕಿಯೇ ತೀರಬೇಕೆಂದು ಆತ ಬರೆದಿದ್ದ. ಲೆಕ್ಕ ತಪ್ಪಿದುದು ಅಲ್ಲಿಯೇ. ಯಂತ್ರಗಳು ಎಷ್ಟು ಬೇಗ ಒಂದನ್ನೊಂದು ಮಾತಾಡಿಸುತ್ತವೆಂಬುದರ ಅಂದಾಜು ಅವನಿಗಿರಲಿಲ್ಲ.

ಯೂಟಾ ವಿಶ್ವವಿದ್ಯಾನಿಲಯದವರು ಆ ರಾತ್ರಿಯ ದಿನಚರಿಯನ್ನು ಬರೆದಿಟ್ಟಿದ್ದಾರೆ. ಅಲ್ಲಿನ ದೊಡ್ಡ ಯಂತ್ರದ ಕೆಲಸದ ಹೊರೆ ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಒಂದು ಎಂಬ ಅಂಕದಲ್ಲಿರುತ್ತಿತ್ತು. ಒಂಬತ್ತು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಅದು ಐದಾಯಿತು. ಹತ್ತು ಹೊಡೆಯುವ ಹೊತ್ತಿಗೆ ಹದಿನಾರು. ಹುಳುಗಳನ್ನೆಲ್ಲ ಕೊಂದು ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ, ಹನ್ನೊಂದು ಇಪ್ಪತ್ತೊಂದಕ್ಕೆ ಮೂವತ್ತೇಳು! ಮದುವೆಮನೆಯಲ್ಲಿ ಒಬ್ಬನೇ ಅಡಿಗೆಯವನ ಮುಂದೆ ಪಂಕ್ತಿಯ ಮೇಲೆ ಪಂಕ್ತಿ ಬಂದು ಕುಳಿತ ಹಾಗೆ.

ಹುಳು ಒಳಹೊಕ್ಕ ಬಾಗಿಲುಗಳು ಯಾವುವು? ಒಂದು, ಟಪಾಲು ಒಯ್ಯುವ ಪ್ರೋಗ್ರಾಮಿನಲ್ಲಿ ಅದನ್ನು ಬರೆದವರು ಪರೀಕ್ಷೆಯ ಅನುಕೂಲಕ್ಕೆಂದು ಬಿಟ್ಟಿದ್ದ ಕಿಂಡಿ. ಇನ್ನೊಂದು, ಯಾರು ಯಾರು ಯಂತ್ರದ ಮುಂದಿದ್ದಾರೆಂದು ಹೇಳುವ 'ಫಿಂಗರ್' ಎಂಬ ಸೇವೆ. ಐನೂರ ಹನ್ನೆರಡು ಅಕ್ಷರ ಹಿಡಿಯುವ ಜಾಗವನ್ನು ಅದು ಕೇಳುವವರ ಮಾತಿಗೆಂದು ಇಟ್ಟಿತ್ತು. ಎಷ್ಟು ಬಂತೆಂದು ಅಳೆಯುತ್ತಿರಲಿಲ್ಲ. ಹುಳು ಐನೂರ ಮೂವತ್ತಾರು ಸುರಿಯಿತು. ಸೇರಿನಿಂದ ಚೆಲ್ಲಿದ ಆ ಹೆಚ್ಚಿನ ಅಕ್ಷರಗಳು ಯಂತ್ರದ ಒಳಕ್ಕೆ ಬಿದ್ದು ಅಪ್ಪಣೆಗಳಾಗಿ ಪರಿಣಮಿಸಿದುವು. ಮೂರನೆಯದು, ಒಂದು ಯಂತ್ರವನ್ನು ಮತ್ತೊಂದು ನಂಬಿ ಪ್ರಶ್ನೆಯಿಲ್ಲದೆ ಒಳಗೆ ಬಿಡುವ ಹಳೆಯ ಅಗ್ರಹಾರದ ಪದ್ಧತಿ. ಇವೆಲ್ಲದರ ಜೊತೆಗೆ ೪೩೨ ಪದಗಳ ಒಂದು ಪಟ್ಟಿಯನ್ನಿಟ್ಟುಕೊಂಡು ಹುಳು ಜನರ ಪಾಸ್‌ವರ್ಡುಗಳನ್ನು ಊಹಿಸುತ್ತಿತ್ತು.

ಬೆಳಗಿನ ಜಾವದ ಹೊತ್ತಿಗೆ ಬರ್ಕಲಿ, ಸ್ಟಾನ್‌ಫರ್ಡ್, ನಾಸಾದ ಕೇಂದ್ರ, ಎಲ್ಲೆಡೆಯಿಂದ ಕೂಗೆದ್ದಿತು. ಕೆಲವರು ಹೆದರಿ ತಮ್ಮ ತಂತಿಯನ್ನೇ ಕಿತ್ತುಹಾಕಿದರು. ಹಾಗೆ ಕಿತ್ತುಹಾಕಿದವರಿಗೆ ಔಷಧಿಯ ಸುದ್ದಿಯೂ ಮುಟ್ಟಲಿಲ್ಲ. ಒಬ್ಬರನ್ನೊಬ್ಬರು ಕರೆಯಲು ಟೆಲಿಫೋನು ನಂಬರುಗಳೇ ಅವರಲ್ಲಿರಲಿಲ್ಲ. ಇಷ್ಟು ವರ್ಷವೂ ಜಾಲದ ಮೂಲಕವೇ ಮಾತಾಡಿಕೊಂಡಿದ್ದರಲ್ಲ! ತಾನು ಬಿಟ್ಟ ಹುಳು ಕೈಮೀರಿದುದನ್ನು ಕಂಡ ವಿದ್ಯಾರ್ಥಿ, ಹಾರ್ವರ್ಡಿನ ಗೆಳೆಯನೊಬ್ಬನ ಕೈಲಿ ಕ್ಷಮೆ ಕೇಳಿ, ತಡೆಯುವ ಉಪಾಯವನ್ನೂ ಹೆಸರು ಹೇಳದೆ ಬರೆಸಿದ. ಆ ಪತ್ರ ಹೊರಟುದು ಗುರುವಾರ ಬೆಳಗಿನ ಜಾವ ಮೂರೂವರೆಗೆ. ದಾರಿಯಲ್ಲಿದ್ದ ಯಂತ್ರಗಳು ಹುಳುವಿನ ಬಾಧೆಯಿಂದಲೇ ನಿಂತುಹೋಗಿದ್ದುದರಿಂದ, ಅದು ಜನರ ಕೈಗೆ ಸೇರುವ ಹೊತ್ತಿಗೆ ದಿನವೊಂದು ಮೀರಿತ್ತು.

ಹುಳುವನ್ನು ಬಿಚ್ಚಿ ನೋಡಿದವರು ಮಸಾಚುಸೆಟ್ಸ್ ಸಂಸ್ಥೆ, ಬರ್ಕಲಿ, ಯೂಟಾ, ಪರ್ಡ್ಯೂಗಳ ಕೆಲವು ಹುಡುಗರು ಮತ್ತು ಅಧ್ಯಾಪಕರು. ದೈವವಶಾತ್ ಆ ವಾರವೇ ಬರ್ಕಲಿಯಲ್ಲಿ 'ಯೂನಿಕ್ಸ್' ತಜ್ಞರ ಸಮ್ಮೇಳನವೊಂದು ನಡೆಯುತ್ತಿತ್ತು. ಪ್ರಬಂಧ ಓದಲು ಬಂದವರು ಅಲ್ಲಿಯೇ ತೋಳು ಮಡಿಚಿ ಕುಳಿತರು. ಬೀಳ್ಕೊಡುಗೆಯ ಊಟಕ್ಕೆ ಹೊರಡುವವರನ್ನು ತಡೆದು ಹೆರಿಗೆಗೆ ಕರೆದೊಯ್ದ ಹಾಗಾಯಿತು.

ಆರು ಸಾವಿರ ಯಂತ್ರಗಳು ಕೆಟ್ಟುವೆಂದು ಪತ್ರಿಕೆಗಳು ಬರೆದುವು. ಈ ಅಂಕಿಯ ಹುಟ್ಟನ್ನು ಕಣ್ಣಾರೆ ಕಂಡ ಒಬ್ಬರು ಮುಂದೆ ಬರೆದಿದ್ದಾರೆ: ಜಾಲದಲ್ಲಿ ಅರವತ್ತು ಸಾವಿರ ಯಂತ್ರಗಳಿರಬಹುದೆಂದು ಯಾರೋ ಊಹಿಸಿದರು, ಹತ್ತರಲ್ಲೊಂದಕ್ಕೆ ತಗುಲಿರಬಹುದೆಂದರು, ಅಷ್ಟೆ. ಇಂದಿಗೂ ಆ ಆರು ಸಾವಿರ ಪುಸ್ತಕದಿಂದ ಪುಸ್ತಕಕ್ಕೆ ಹರಿಯುತ್ತಲೇ ಇದೆ. ಹುಳುವಿಗಿಂತ ಅದರ ಅಂಕಿಯೇ ಚಿರಂಜೀವಿಯಾಯಿತು.

ವಿದ್ಯಾರ್ಥಿಯ ಹೆಸರು ಬೇಗನೆ ಹೊರಬಿತ್ತು: ರಾಬರ್ಟ್ ಟ್ಯಾಪನ್ ಮಾರಿಸ್. ಪಾಸ್‌ವರ್ಡುಗಳನ್ನು ಎಣಿಸಿದ, ಸ್ಟೋಲ್‌ನ ಮಾತಿಗೆ ಕಿವಿಗೊಟ್ಟ, ಸರ್ಕಾರದ ರಹಸ್ಯಗಳನ್ನು ಕಾಯುವ ಹುದ್ದೆಯಲ್ಲಿದ್ದ ರಾಬರ್ಟ್ ಮಾರಿಸರ ಮಗ! ವಯಸ್ಸು ಇಪ್ಪತ್ತೆರಡು. ೧೯೯೦ರ ಜನವರಿಯಲ್ಲಿ ಜ್ಯೂರಿ ಅವನನ್ನು ಅಪರಾಧಿಯೆಂದಿತು. ಮೇ ತಿಂಗಳಲ್ಲಿ ಬಂದ ಶಿಕ್ಷೆ ಮೂರು ವರ್ಷದ ನಡತೆಯ ನಿಗಾ, ೪೦೦ ಗಂಟೆಗಳ ಸಮಾಜಸೇವೆ, ೧೦,೦೫೦ ಡಾಲರು ದಂಡ. ಕೆಲವರಿಗೆ ಇದು ಹೆಚ್ಚೆನಿಸಿತು, ಹಲವರಿಗೆ ಕಡಿಮೆಯೆನಿಸಿತು. ಹುಡುಗನನ್ನು ಜೈಲಿಗೆ ಹಾಕದೆ ಬಿಟ್ಟುದು ಸರಿಯೆಂದೇ ನನ್ನ ಅಭಿಪ್ರಾಯ. ಮುಂದೆ ಆತ ಹುಳುವನ್ನು ಬಿಟ್ಟ ಅದೇ ಮಸಾಚುಸೆಟ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾದ. ತಂದೆಯ ಮನಸ್ಸಿನಲ್ಲಿ ಆ ದಿನಗಳಲ್ಲಿ ಏನಿತ್ತೆಂಬುದನ್ನು ಮಕ್ಕಳುಳ್ಳ ಓದುಗರು ತಾವೇ ಊಹಿಸಿಕೊಳ್ಳಬಹುದು.

ಆ ವರ್ಷ ಮುಗಿಯುವುದರೊಳಗಾಗಿ ಅಮೆರಿಕದ ಸರ್ಕಾರ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 'ಸರ್ಟ್' ಎಂಬ ತುರ್ತು ಕೇಂದ್ರವನ್ನು ತೆರೆಯಿತು. ಹಗಲಿರುಳೂ ಟೆಲಿಫೋನಿನ ಮುಂದೆ ಒಬ್ಬರಿರಬೇಕು, ಎಲ್ಲಿ ಹುಳು ಕಂಡರೂ ಅಲ್ಲಿಗೆ ತಿಳಿಸಬೇಕು. ಕಾವಲು ಒಂದು ಉದ್ಯೋಗವಾದುದು ಹೀಗೆ. ಉದ್ಯೋಗ ಬಂದ ಮೇಲೆ ಉಮೇದುವಾರರು ಬಂದರು. ಉಮೇದುವಾರರು ಬಂದ ಮೇಲೆ ಪರೀಕ್ಷೆಗಳೂ ಬಂದುವು. ಪರ್ಡ್ಯೂವಿನಲ್ಲಿ ಹುಳುವನ್ನು ಕುರಿತು ಮೊದಲ ವಿವರವಾದ ಲೇಖನಗಳಲ್ಲೊಂದನ್ನು ಬರೆದ ಜೀನ್ ಸ್ಪ್ಯಾಫರ್ಡ್ ೧೯೯೨ರಲ್ಲಿ ಈ ವಿಷಯಕ್ಕೆಂದೇ ಒಂದು ಪ್ರಯೋಗಾಲಯವನ್ನು ಪ್ರಾರಂಭಿಸಿದರು. ೧೯೯೯ರಲ್ಲಿ ಅಮೆರಿಕದ ಭದ್ರತಾ ಸಂಸ್ಥೆ ಏಳು ವಿಶ್ವವಿದ್ಯಾನಿಲಯಗಳನ್ನು ಈ ವಿದ್ಯೆಯ ಕೇಂದ್ರಗಳೆಂದು ಗುರುತಿಸಿತು. ವಿಶ್ವವಿದ್ಯಾನಿಲಯಗಳಿಗೆ ಕಾಯದ ಜನ ಸರ್ಟಿಫಿಕೇಟುಗಳ ದಾರಿ ಹಿಡಿದರು. ೧೯೯೪ರಿಂದ ಕೊಡಲಾರಂಭಿಸಿದ 'ಸಿ.ಐ.ಎಸ್.ಎಸ್.ಪಿ.' ಎಂಬುದು ಇವತ್ತಿಗೂ ನಮ್ಮ ಬೆಂಗಳೂರಿನ ಹುಡುಗರು ಹೆಸರಿನ ಮುಂದೆ ಬರೆದುಕೊಳ್ಳುವ ಬಿರುದು.

ಇವುಗಳಲ್ಲಿ ನನಗೆ ಹಿಡಿಸಿದುದು ಜಾಲದ ಯಂತ್ರಗಳನ್ನು ತಯಾರಿಸುವ ಸಿಸ್ಕೋ ಕಂಪನಿಯವರು ೧೯೯೩ರಲ್ಲಿ ಏರ್ಪಡಿಸಿದ ಪರೀಕ್ಷೆ. ಅದು ಎರಡು ದಿನ ನಡೆಯುತ್ತಿತ್ತು. ಅಭ್ಯರ್ಥಿ ಮೊದಲು ತನ್ನ ಕೈಯಿಂದ ಒಂದು ಜಾಲವನ್ನು ಕಟ್ಟಬೇಕು. ಅವನು ಕಟ್ಟಿದ ಮೇಲೆ ಪರೀಕ್ಷಕ ಅವನನ್ನು ಹೊರಗೆ ಕಳುಹಿಸಿ, ಅಲ್ಲೊಂದು ಇಲ್ಲೊಂದು ಕೆಡಿಸಿ ಇಡುತ್ತಿದ್ದ. ಅಭ್ಯರ್ಥಿ ಬಂದು ಕೆಟ್ಟುದನ್ನು ಹುಡುಕಿ ಸರಿಪಡಿಸಬೇಕು. ತೇರ್ಗಡೆಯಾದವರಿಗೆ ಒಂದೊಂದು ಸಂಖ್ಯೆ ಕೊಡುತ್ತಿದ್ದರು. ಮೊದಲನೆಯ ಸಂಖ್ಯೆಯಾದ ೧೦೨೪ನ್ನು ಯಾವ ಮನುಷ್ಯನಿಗೂ ಕೊಡದೆ, ಪರೀಕ್ಷೆ ನಡೆದ ಕೋಣೆಗೇ ಕೊಟ್ಟರಂತೆ. ಗರಡಿಮನೆಯ ಮಣ್ಣಿಗೆ ಮೊದಲ ನಮಸ್ಕಾರ ಮಾಡುವ ನಮ್ಮವರಿಗೆ ಇದು ವಿಚಿತ್ರವಾಗಿ ತೋರಲಾರದು. ಕಾಲಾನಂತರದಲ್ಲಿ ಎರಡು ದಿನದ ಪರೀಕ್ಷೆ ಒಂದು ದಿನಕ್ಕೆ ಇಳಿಯಿತು.

ನಮ್ಮ ದೇಶದ ಮಾತು. ೧೯೮೬ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 'ಅರ್ನೆಟ್' ಎಂಬ ಜಾಲವನ್ನು ಆರಂಭಿಸಿತು. ಐದು ಐ.ಐ.ಟಿ.ಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ಕೇಂದ್ರ, ದೆಹಲಿಯ ಇಲಾಖೆ, ಇವುಗಳ ಜೊತೆಗೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟೂ ಅದರಲ್ಲಿ ಸೇರಿತ್ತು. ಇಂದು ಅಂಗೈಯಗಲದ ಫೋನಿನಲ್ಲಿ ಸಿನಿಮಾ ನೋಡುವವರಿಗೆ ಹೇಳಿದರೆ ನಗುತ್ತಾರೆ: ಸೆಕೆಂಡಿಗೆ ೯,೬೦೦ ಬಿಟ್ಟು ಸಾಗಿಸುವ ಒಂದು ತಂತಿ ಸಿಕ್ಕಿದರೆ ಆಗ ಭಾಗ್ಯ. ಜಾಲವನ್ನು ಕಟ್ಟುವ ವಿದ್ಯೆಯನ್ನು ಈ ದೇಶದ ಮೊದಲ ತಲೆಮಾರು ಕಲಿತುದು ಆ ಬಡ ತಂತಿಗಳನ್ನು ನಡುನಡುವೆ ಎಬ್ಬಿಸಿ ನಿಲ್ಲಿಸುತ್ತ. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತುದು ೧೯೯೫ರ ಆಗಸ್ಟ್ ೧೫ರಂದು.

ಕಾಯುವ ವಿದ್ಯೆಯ ಪಾಠ ನಮಗೂ ಪೆಟ್ಟಿನ ಮೂಲಕವೇ ಬಂತು. ೧೯೯೮ರ ಮೇ ತಿಂಗಳಲ್ಲಿ ಪೋಖ್ರಾನಿನ ಅಣುಪರೀಕ್ಷೆ ನಡೆದ ಮೇಲೆ, ಜೂನ್ ಮೊದಲ ವಾರದಲ್ಲಿ ಬೇರೆ ಬೇರೆ ದೇಶಗಳ ಕೆಲವು ಹದಿಹರೆಯದ ಹುಡುಗರು ಕೂಡಿಕೊಂಡು, ಮುಂಬಯಿಯ ಭಾಭಾ ಅಣುಸಂಶೋಧನಾ ಕೇಂದ್ರದ ಯಂತ್ರಗಳೊಳಕ್ಕೆ ನುಗ್ಗಿ ವಿಜ್ಞಾನಿಗಳ ಪತ್ರಗಳನ್ನು ಹೊತ್ತುಕೊಂಡು ಹೋದರು. ಎರಡು ವರ್ಷದಲ್ಲಿ, ೨೦೦೦ದಲ್ಲಿ, ಮಾಹಿತಿ ತಂತ್ರಜ್ಞಾನ ಕಾಯಿದೆ ಬಂತು. ೨೦೦೧ರಲ್ಲಿ ಬೆಂಗಳೂರಿನಲ್ಲಿ ದೇಶಕ್ಕೇ ಮೊದಲನೆಯದೆಂದು ಹೆಸರಾದ ಸೈಬರ್ ಅಪರಾಧಗಳ ಪೊಲೀಸು ಠಾಣೆ ತೆರೆಯಿತು. ಪಿಟ್ಸ್‌ಬರ್ಗಿನ ಮಾದರಿಯ ರಾಷ್ಟ್ರೀಯ ಕೇಂದ್ರ ದೆಹಲಿಯಲ್ಲಿ ೨೦೦೪ರ ಜನವರಿಯಿಂದ ಕೆಲಸ ಮಾಡುತ್ತಿದೆ.

ಇಷ್ಟೆಲ್ಲ ಹೇಳಿದ ಮೇಲೂ ಭಾವನವರ ಮಗ ಅದೇ ತರಗತಿಗೆ ಸೇರಿದ; ಶುಲ್ಕಕ್ಕೆ ಒಂದು ಠೇವಣಿಯನ್ನು ಮುರಿಸಬೇಕಾಯಿತು. ಅಲ್ಲಿ ಯಂತ್ರಗಳಿದ್ದುವು, ಆದರೆ ಅವುಗಳ ಮುಂದೆ ಕೂರುವ ಸರದಿ ವಾರಕ್ಕೊಮ್ಮೆ. ಉಳಿದ ದಿನ ಹಿಂದಿನ ಪರೀಕ್ಷೆಗಳ ಪ್ರಶ್ನೋತ್ತರದ ಕಟ್ಟನ್ನು ಉರುಹಚ್ಚಿಸಿದರು. ಹುಡುಗ ಬುದ್ಧಿವಂತ, ಒಳ್ಳೆಯ ಅಂಕಗಳಿಂದ ತೇರ್ಗಡೆಯಾದ. ಮೊದಲನೆಯ ಸಂದರ್ಶನದಲ್ಲಿ ಒಂದು ಸರ್ವರಿನ ಲಾಗಿನ ಒಂದು ಪುಟವನ್ನು, ಎಂದರೆ ಯಂತ್ರ ತಾನೇ ಬರೆದಿಡುವ ದಿನಚರಿಯ ಹಾಳೆಯನ್ನು, ಮುಂದಿಟ್ಟು 'ಇದರಲ್ಲಿ ಏನಾಗಿದೆ, ಹೇಳಪ್ಪಾ' ಎಂದರಂತೆ. ಅಂಥ ಹಾಳೆಯನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ. ಮನೆಗೆ ಬಂದು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಅಕ್ಕ ಗಾಬರಿಯಾಗಿ ನನ್ನನ್ನು ಕರೆಸಿದಳು. ಎಂಬತ್ತಾರು ಪಾಲಿನ ಕಥೆಯನ್ನೂ ಎಪ್ಪತ್ತೈದು ಸೆಂಟಿನ ಕಥೆಯನ್ನೂ ಅವನಿಗೆ ಹೇಳಿದುದು ಆಗ. "ಮಾವ, ಆ ಮನುಷ್ಯನಿಗೆ ಸರ್ಟಿಫಿಕೇಟಿತ್ತೇ?" ಎಂದು ಕೇಳಿದ. ಖಗೋಳಶಾಸ್ತ್ರದಲ್ಲಿ ಡಾಕ್ಟರೇಟಿತ್ತು ಎಂದೆ. ನಗಲಿಲ್ಲ.

ಅನಂತರ ಒಂದು ವರ್ಷ ಅವನು ಒಂದು ಚಿಕ್ಕ ಕಚೇರಿಯಲ್ಲಿ ಗೋಡೆ ಕೊರೆದು ಕೇಬಲ್ ಎಳೆಯುವ ಕೆಲಸ ಮಾಡಿದ. ಸಂಬಳ ಹೇಳಿಕೊಳ್ಳುವಂಥದಲ್ಲ. ಆದರೆ ಯಾವ ತಂತಿ ಎಲ್ಲಿಗೆ ಹೋಗುತ್ತದೆಂಬುದು ಅವನಿಗೆ ಅಲ್ಲಿ ತಿಳಿಯಿತು. ಈಗ ಆರು ತಿಂಗಳಿಂದ ಒಂದು ಕಂಪನಿಯಲ್ಲಿ ರಾತ್ರಿಪಾಳಿ. ಬೇರೆ ದೇಶದವರ ಹಗಲನ್ನು ಇಲ್ಲಿ ಕುಳಿತು ಕಾಯುವ ಕೆಲಸ.

ಮೊನ್ನೆ ಬೆಳಿಗ್ಗೆ ನಾನು ಅಕ್ಕನ ಮನೆಯಲ್ಲಿದ್ದೆ. ಹುಡುಗ ಕಣ್ಣು ಕೆಂಪು ಮಾಡಿಕೊಂಡು ಬಂದ. ಹೋದ ವರ್ಷವೇ ಕೆಲಸ ಬಿಟ್ಟು ಹೋದ ಒಬ್ಬನ ಖಾತೆ ರಾತ್ರಿ ಎರಡು ಗಂಟೆಗೆ ತೆರೆದುದು ಅವನ ಕಣ್ಣಿಗೆ ಬಿದ್ದಿತ್ತಂತೆ. ಬೆಳಗಿನವರೆಗೂ ಹುಡುಕಿದನಂತೆ. ಕೊನೆಗೆ ನೋಡಿದರೆ, ಕಡತಗಳ ನಕಲು ತೆಗೆಯುವ ಹಳೆಯ ಪ್ರೋಗ್ರಾಮೊಂದು ಆ ಮನುಷ್ಯನ ಹೆಸರಿನಲ್ಲಿಯೇ ಇನ್ನೂ ಓಡುತ್ತಿದೆ. ಕಳ್ಳನಿರಲಿಲ್ಲ.

"ಬರೆದಿಟ್ಟೆಯೋ?" ಎಂದರು ಭಾವನವರು.

"ಬರೆದಿದ್ದೇನೆ ಅಪ್ಪಾ. ಮೂರು ಪುಟ, ಗಂಟೆ ನಿಮಿಷ ಸಮೇತ."

"ತಾ, ನೋಡೋಣ."

"ಅದನ್ನು ಆಫೀಸಿನಿಂದ ಹೊರಕ್ಕೆ ತರುವ ಹಾಗಿಲ್ಲ."

ಭಾವನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು, "ಹಾಗೆಯೇ ಇರಬೇಕು" ಎಂದು ಒಳಗೆ ತಿರುಗಿ ಕಾಫಿ ತರಹೇಳಿದರು.